ಕಾರಿನ ಜೊತೆ ಬಂದ ಸ್ಟೀರಿಯೋ ಕೈಕೊಡುತ್ತಿದೆ: ರಿಪೇರಿ ಮಾಡಿಸಲೇ, ಬದಲಿಸಲೇ?

ಬಸವನಗುಡಿ ನಿವಾಸಿ

ನಮ್ಮದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕಂಪನಿಯಿಂದಲೇ ಕೂರಿಸಿ ಬಂದ ಸ್ಟೀರಿಯೋ ಇದೆ: ಎಫ್‌ಎಂ, ಎಎಂ, ಸಿಡಿ, ಯುಎಸ್‌ಬಿ. ಬ್ಲೂಟೂತ್ ಇಲ್ಲ. ಇಷ್ಟು ವರ್ಷ ಒಂದು ಮಾತು ಆಡಿಸಿಕೊಳ್ಳದೆ ನಡೆದ ಸೆಟ್ಟು. ಯುಗಾದಿ ಕಳೆದ ಮೇಲೆ ಒಂದಾದ ಮೇಲೊಂದು ತೊಂದರೆ ಶುರುವಾಗಿದೆ.

ಬೆಳಿಗ್ಗೆ ಕಾರು ಹೊರಡಿಸಿದರೆ ಗಡಿಯಾರ 12:00 ತೋರಿಸುತ್ತದೆ, ಹಾಕಿಟ್ಟಿದ್ದ ಸ್ಟೇಷನ್‌ಗಳೆಲ್ಲ ಅಳಿಸಿಹೋಗಿರುತ್ತವೆ. ಹಂಪ್ ಹತ್ತಿಳಿದಾಗ ಬಲಗಡೆಯ ಮುಂದಿನ ಸ್ಪೀಕರ್ ಕರಕರ ಎನ್ನುತ್ತದೆ; ಕೆಲವೊಮ್ಮೆ ನಾಲ್ಕೂ ಸ್ಪೀಕರ್ ಒಟ್ಟಿಗೆ ಸುಮ್ಮನಾಗಿ, ಸೆಟ್ ಆರಿಸಿ ಹಚ್ಚಿದ ಮೇಲೆ ಮತ್ತೆ ಹಾಡುತ್ತವೆ. ಇನ್ನೊಂದು ಮಧ್ಯಾಹ್ನದ ಕಾಟ. ಬಿಸಿಲಿನಲ್ಲಿ ನಿಲ್ಲಿಸಿದ್ದ ಕಾರು ತೆಗೆದರೆ ಹದಿನೈದಿಪ್ಪತ್ತು ನಿಮಿಷ ಹಾಡಿ ಡಿಸ್‌ಪ್ಲೇ ಸಮೇತ ಆರಿಹೋಗುತ್ತದೆ. ಸಂಜೆ ತಂಪಾದ ಮೇಲೆ ತಾನಾಗಿ ಸರಿಹೋಗುತ್ತದೆ.

ಸರ್ವಿಸ್ ಸೆಂಟರಿನಲ್ಲಿ ಹೊಸ ಸೆಟ್ಟಿಗೆ 21,500 ರೂಪಾಯಿ ಎಂದರು. ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ 9 ಇಂಚಿನ ಆಂಡ್ರಾಯ್ಡ್ ಪರದೆ, ಕೂರಿಸುವ ಕೂಲಿ ಸೇರಿ 13,000 ಎಂದರು. ಇಬ್ಬರಲ್ಲಿ ಒಬ್ಬರೂ ಏನಾಗಿದೆ ಎಂದು ಬಿಚ್ಚಿ ನೋಡಲಿಲ್ಲ. ನನಗೆ ಬೇಸರವಾಗಿದ್ದು ಅದಕ್ಕೇ.

ವಾರಕ್ಕೆರಡು ಸಲ ಅಪ್ಪನನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತೇನೆ. ಅವರಿಗೆ 76 ವರ್ಷ, ಗ್ಲಾಕೋಮಾದಿಂದ ದೃಷ್ಟಿ ತುಂಬಾ ಕಡಿಮೆ. ಮೂರನೇ ಬಟನ್ ವಿವಿಧ ಭಾರತಿ ಎಂಬುದು ಅವರ ಬೆರಳಿಗೆ ಗೊತ್ತು. ನುಣುಪಾದ ಗಾಜಿನ ಪರದೆ ಬಂದರೆ ಅವರು ಮತ್ತೆ ನನ್ನನ್ನೇ ಕೇಳಬೇಕಾಗುತ್ತದೆ. ಆದ್ದರಿಂದ ಇದನ್ನೇ ಉಳಿಸಿಕೊಳ್ಳಬಹುದೇ ಎಂಬುದು ನನ್ನ ಪ್ರಶ್ನೆ.

ಪೀಣ್ಯದ ವೈರಿಂಗ್

ಮೇಡಂ, ಕಾರುಗಳ ಎಲೆಕ್ಟ್ರಿಕಲ್ ಕೆಲಸದಲ್ಲಿ ನನಗೆ 22 ವರ್ಷವಾಯಿತು. ನೀವು ಬರೆದಿರುವುದು ಒಂದು ಕಾಯಿಲೆಯಲ್ಲ, ಮೂರು. ಮೂರನ್ನೂ ಸೇರಿಸಿ "ಸೆಟ್ ಹೋಗಿದೆ" ಎಂದವರು ಯೋಚಿಸಿ ಹೇಳಿದವರಲ್ಲ.

ಮೊದಲು ಗಡಿಯಾರ ನೋಡೋಣ. ಯಾವ ಸೆಟ್ಟಿಗೇ ಆಗಲಿ ಕರೆಂಟು ಎರಡು ದಾರಿಯಲ್ಲಿ ಬರುತ್ತದೆ. ಒಂದು ಬ್ಯಾಟರಿಯಿಂದ ಸದಾ ಬರುವ 12 ವೋಲ್ಟ್. ಗಡಿಯಾರ ಮತ್ತು ಸ್ಟೇಷನ್ ನೆನಪಿಡುವುದು ಇದರ ಬಲದಿಂದ. ಇನ್ನೊಂದು ಕೀಲಿ ತಿರುಗಿಸಿದಾಗ ಬರುವುದು. ಹೊರಗಡೆ ಕೊಳ್ಳುವ ಸೆಟ್ಟುಗಳಲ್ಲಿ ಮೊದಲನೆಯದು ಹಳದಿ ವೈರು, ಎರಡನೆಯದು ಕೆಂಪು, ಕಪ್ಪು ಅರ್ತಿಂಗ್. ಕಂಪನಿ ಸೆಟ್ಟುಗಳಲ್ಲಿ ಬಣ್ಣ ಬೇರೆ ಇರಬಹುದು, ಕೆಲಸ ಅದೇ.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಇಂಜಿನ್ ಹಚ್ಚಬೇಡಿ, ಕೀಲಿಯನ್ನು ಆನ್‌ವರೆಗೆ ಮಾತ್ರ ತಿರುಗಿಸಿ ಗಡಿಯಾರ ನೋಡಿ. ಆಗಲೇ 12:00 ಇದ್ದರೆ ಸದಾ ಬರುವ ಕರೆಂಟು ರಾತ್ರಿಯೇ ಕಡಿದಿದೆ: ಫ್ಯೂಸ್ ಅಥವಾ ಕಪ್ಲರ್, ಅಂದರೆ ಸೆಟ್ಟಿನ ಹಿಂದೆ ವೈರುಗಳನ್ನು ಸಿಕ್ಕಿಸುವ ಪ್ಲಗ್ಗು, ನೋಡಬೇಕು. ಗಡಿಯಾರ ಸರಿಯಾಗಿದ್ದು, ಇಂಜಿನ್ ಹಚ್ಚಿದ ಮೇಲೆ ಅಳಿಸಿದರೆ ದೋಷ ಸೆಟ್ಟಿನದಲ್ಲ, ಬ್ಯಾಟರಿಯದು. ಸ್ಟಾರ್ಟರ್ ಮೋಟಾರು ಎಳೆಯುವ ಹೊತ್ತಿಗೆ ವೋಲ್ಟೇಜ್ ಕುಸಿದು ಸೆಟ್ಟಿನ ನೆನಪು ಹಾರಿಹೋಗುತ್ತದೆ.

ಎರಡನೆಯದಕ್ಕೆ ಒಂದು ಪ್ರಶ್ನೆ: ನಾಲ್ಕೂ ಸ್ಪೀಕರ್ ಸುಮ್ಮನಾದಾಗ ಡಿಸ್‌ಪ್ಲೇ ಬೆಳಗುತ್ತಲೇ ಇರುತ್ತದೆಯೇ?

ಹೆಬ್ಬಾಳದ ಟ್ಯಾಕ್ಸಿ

ಅಕ್ಕ, ನನ್ನ ಅನುಭವ ಬೇರೆ. ದಿನಕ್ಕೆ ಹತ್ತು ಗಂಟೆ ಸ್ಟೀರಿಂಗ್ ಹಿಡಿಯುವವನು ನಾನು. ಹಳೆಯ ಸೆಟ್ಟಿಗೆ ಎರಡು ಸಲ ರಿಪೇರಿ ಮಾಡಿಸಿ, ಎರಡು ದಿನದ ಬಾಡಿಗೆ ಕಳೆದುಕೊಂಡು, ಕೊನೆಗೆ ಆಂಡ್ರಾಯ್ಡ್ ಹಾಕಿಸಿದೆ. ನಕ್ಷೆ ದೊಡ್ಡದಾಗಿ ಕಾಣುತ್ತದೆ, ಫೋನು ಕೈಯಲ್ಲಿ ಹಿಡಿಯುವ ಗೋಜಿಲ್ಲ, ಹಿಂದಿನ ಕ್ಯಾಮೆರಾ ಇದೆ. ಚಿಕ್ಕಪೇಟೆಯ ಗಲ್ಲಿಗಳಲ್ಲಿ ಹಿಂದಕ್ಕೆ ತೆಗೆಯುವವನಿಗೆ ಆ ಕ್ಯಾಮೆರಾದ ಬೆಲೆ ಗೊತ್ತು. 4×60 ವಾಟ್ ಸೆಟ್ಟು, ಶಬ್ದವೂ ಗಟ್ಟಿ.

ನಿಮ್ಮ ತಂದೆಯವರ ವಿಷಯ ಓದಿದ ಮೇಲೆ ನೀವೂ ಬದಲಿಸಿ ಎನ್ನಲು ಬಾಯಿ ಬರುತ್ತಿಲ್ಲ. ಬದಲಿಸುವುದೇ ಆದರೆ ವಾಲ್ಯೂಮಿಗೆ ತಿರುಗಿಸುವ ನಾಬ್ ಇರುವುದನ್ನೇ ಕೇಳಿ.

ಬೆಸುಗೆ ಮೇಜು

ಮಧ್ಯಾಹ್ನದ ತೊಂದರೆಯ ಬಗ್ಗೆ ನಾನು ಹೇಳುತ್ತೇನೆ. ಬಿಸಿಯಾದಾಗ ಆರಿ, ತಣ್ಣಗಾದಾಗ ಬರುವ ಸೆಟ್ಟಿನಲ್ಲಿ ನಾನು ಮೊದಲು ಹುಡುಕುವುದು ಬಿರುಕುಬಿಟ್ಟ ಸೋಲ್ಡರ್. ಡ್ಯಾಶ್‌ಬೋರ್ಡಿನ ಒಳಗೆ ಗಾಳಿ ಆಡುವುದಿಲ್ಲ. ಹತ್ತು ವರ್ಷ ಕಾದು, ತಣಿದು, ರಸ್ತೆಯ ನಡುಕ ತಿಂದು ಭಾರದ ಬಿಡಿಭಾಗಗಳ ಕಾಲಿನ ಸುತ್ತ ಕೂದಲೆಳೆಯಂಥ ಉಂಗುರದ ಬಿರುಕು ಮೂಡುತ್ತದೆ. ತಣ್ಣಗಿದ್ದಾಗ ಲೋಹ ಲೋಹಕ್ಕೆ ತಗಲಿರುತ್ತದೆ. ಕಾದು ಹಿಗ್ಗಿದಾಗ ಬಿಟ್ಟುಕೊಳ್ಳುತ್ತದೆ. ಡಿಸ್‌ಪ್ಲೇ ಸಮೇತ ಆರುತ್ತದೆ ಎಂದಿದ್ದೀರಿ. ಹಾಗಾದರೆ ಸ್ಪೀಕರುಗಳನ್ನು ಹಾಡಿಸುವ ಆಂಪ್ಲಿಫೈಯರ್ ಐಸಿಗಿಂತ, ಒಳಗಿನ ಭಾಗಗಳಿಗೆ ಹದವಾದ ವೋಲ್ಟೇಜ್ ಕೊಡುವ ರೆಗ್ಯುಲೇಟರ್ ಅಥವಾ ಹಿಂದಿನ ಕರೆಂಟು ಸಾಕೆಟ್ಟಿನ ಕಾಲುಗಳ ಮೇಲೆ ನನಗೆ ಗುಮಾನಿ.

ಹೆಬ್ಬಾಳದವರೇ, ಆ 60 ವಾಟ್ ಮಾತು ನಂಬಬೇಡಿ. ಇಂಜಿನ್ ಓಡುವಾಗ ಸಿಗುವುದು ಸುಮಾರು 14.4 ವೋಲ್ಟ್. ಸ್ಪೀಕರ್ 4 ಓಮ್. ಒಳಗೆ ವೋಲ್ಟೇಜ್ ಏರಿಸುವ ಏರ್ಪಾಡು ಇಲ್ಲದ ಸೆಟ್ಟು ಎಷ್ಟೇ ಒಳ್ಳೆಯದಿರಲಿ, ಶಬ್ದ ಒಡೆಯದಂತೆ ಒಂದು ಸ್ಪೀಕರಿಗೆ ಕೊಡಬಹುದಾದದ್ದು 14.4ರ ವರ್ಗವನ್ನು 8ರಿಂದ ಭಾಗಿಸಿದಷ್ಟು, ಅಂದರೆ 26 ವಾಟ್‌ಗೂ ಕಡಿಮೆ. ಡಬ್ಬಿಯ ಮೇಲೆ ಅಚ್ಚಾಗಿರುವುದು ಕ್ಷಣಮಾತ್ರದ ಗರಿಷ್ಠ ಲೆಕ್ಕ. ಹಳೆಯ ಕಂಪನಿ ಸೆಟ್ಟಿಗೂ ಇದೇ ಮಿತಿ. ಶಬ್ದದಲ್ಲಿ ನಿಜವಾದ ವ್ಯತ್ಯಾಸ ಬೇಕಿದ್ದರೆ ದುಡ್ಡನ್ನು ಸ್ಪೀಕರಿಗೆ ಹಾಕಿ.

ಬಸವನಗುಡಿ ನಿವಾಸಿ

ಇಂದು ಬೆಳಿಗ್ಗೆ ನೋಡಿದೆ. ಕೀಲಿ ಆನ್ ಮಾಡಿದಾಗ ಗಡಿಯಾರ 7:38, ಸರಿಯಾಗಿತ್ತು. ಇಂಜಿನ್ ಹಚ್ಚಿದೆ, ಡಿಸ್‌ಪ್ಲೇ ಒಮ್ಮೆ ಕಣ್ಣು ಮಿಟುಕಿಸಿದಂತಾಗಿ 12:00. ಅಂದರೆ ಬ್ಯಾಟರಿ! ಎದುರು ಮನೆಯ ಹುಡುಗ ಡಿಪ್ಲೊಮಾ ಓದುತ್ತಿದ್ದಾನೆ, ಅವನ ಮಲ್ಟಿಮೀಟರ್ ತರಿಸಿ ಹಿಡಿಸಿದೆ. ಸುಮ್ಮನಿದ್ದಾಗ 12.1, ಇಂಜಿನ್ ಹಚ್ಚುವಾಗ 8.4ರವರೆಗೆ ಇಳಿಯಿತು. ಬ್ಯಾಟರಿ 2020ರದು.

ನಾಲ್ಕೂ ಸ್ಪೀಕರ್ ಸುಮ್ಮನಾದಾಗ ಡಿಸ್‌ಪ್ಲೇ ಬೆಳಗುತ್ತಲೇ ಇರುತ್ತದೆ, ಸ್ಟೇಷನ್ ಸಂಖ್ಯೆಯೂ ಇರುತ್ತದೆ. ಇನ್ನೊಂದು ವಿಷಯ ಗಮನಿಸಿದೆ: ನಿಂತ ಕಾರಿನಲ್ಲಿಯೂ ನನ್ನ ಕಡೆಯ ಬಾಗಿಲು ತೆರೆದು ಮುಚ್ಚಿದರೆ ಕರಕರ ಬರುತ್ತದೆ.

ಪೀಣ್ಯದ ವೈರಿಂಗ್

ಬಾಗಿಲು ತೆರೆದರೆ ಬರುತ್ತದೆ ಎಂದಿರಲ್ಲ, ಅಲ್ಲಿಗೆ ಜಾಗ ಸಿಕ್ಕಿತು.

ಬಾಗಿಲಿಗೂ ಕಾರಿನ ಮೈಗೂ ನಡುವೆ, ಕೀಲಿನ ಹತ್ತಿರ, ಮಡಿಕೆ ಮಡಿಕೆಯಾದ ಕಪ್ಪು ರಬ್ಬರ್ ಕೊಳವೆ ಇರುತ್ತದೆ. ಪವರ್ ವಿಂಡೋ, ಲಾಕು, ಸ್ಪೀಕರ್ ಎಲ್ಲದರ ವೈರೂ ಅದರೊಳಗೆ ಹೋಗುತ್ತದೆ. ಬಾಗಿಲು ತೆರೆದಷ್ಟು ಸಲ ಆ ವೈರುಗಳು ಮಡಚಿ ಬಿಚ್ಚಿಕೊಳ್ಳುತ್ತವೆ. ನಮ್ಮಲ್ಲಿ ಬಲಗಡೆಯದು ಚಾಲಕನ ಬಾಗಿಲು, ಬೇರೆ ಮೂರಕ್ಕಿಂತ ಹೆಚ್ಚು ದುಡಿಯುವುದು ಅದೇ. ಆದ್ದರಿಂದ ಮೊದಲು ಕಡಿಯುವುದೂ ಅಲ್ಲೇ. ಮೇಲಿನ ಹೊದಿಕೆ ಗಟ್ಟಿಯಾಗಿದ್ದು ಒಳಗಿನ ತಾಮ್ರ ತುಂಡಾಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ನಾಲ್ಕೂ ಸ್ಪೀಕರ್ ಯಾಕೆ ಸುಮ್ಮನಾಗುತ್ತವೆ ಎಂದರೆ, ಈ ಕಾಲದ ಸೆಟ್ಟುಗಳಲ್ಲಿ ಸ್ಪೀಕರಿನ ಎರಡು ವೈರಿನಲ್ಲಿ ಯಾವುದೂ ಅರ್ತ್ ಅಲ್ಲ. ಎರಡರಲ್ಲೂ ವೋಲ್ಟೇಜ್ ಇರುತ್ತದೆ. ಅದರಲ್ಲಿ ಒಂದು ಎಳೆ ಕಾರಿನ ಮೈಗೆ ತಗಲಿದರೆ ಆಂಪ್ಲಿಫೈಯರ್ ಐಸಿ ತನ್ನನ್ನು ಕಾಪಾಡಿಕೊಳ್ಳಲು ನಾಲ್ಕೂ ದಾರಿ ಮುಚ್ಚಿಬಿಡುತ್ತದೆ. ಡಿಸ್‌ಪ್ಲೇ ಮಾತ್ರ ಬೆಳಗುತ್ತಿರುತ್ತದೆ. ನಿಮಗಾಗುತ್ತಿರುವುದು ಅದೇ ಎಂದು ನನ್ನ ಅಂದಾಜು.

ಖಾತ್ರಿ ಮಾಡಿಕೊಳ್ಳಲು ಸೆಟ್ಟಿನ ಹಿಂದಿನ ಕಪ್ಲರ್ ತೆಗೆಸಿ, ಬಲ ಮುಂದಿನ ಸ್ಪೀಕರಿನ ಎರಡು ಪಿನ್‌ಗೆ ಮೀಟರ್ ಹಿಡಿಸಿ. 4 ಓಮ್ ಸ್ಪೀಕರ್ ಮೀಟರಿನಲ್ಲಿ 3ರಿಂದ 4ರೊಳಗೆ ತೋರಿಸುತ್ತದೆ. ಮೀಟರ್ ಹಿಡಿದುಕೊಂಡೇ ಬಾಗಿಲನ್ನು ನಿಧಾನವಾಗಿ ಆಡಿಸಿ. ಅಂಕಿ ಕುಣಿದರೆ ವೈರು ಕಡಿದಿದೆ. ಮೀಟರ್ ಇಲ್ಲದವರು 1.5 ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಅದೇ ಎರಡು ಪಿನ್‌ಗೆ ಕ್ಷಣಮಾತ್ರ ತಗಲಿಸಬಹುದು. ಸ್ಪೀಕರ್ "ಟಪ್" ಎಂದರೆ ಅಲ್ಲಿಯವರೆಗೂ ದಾರಿ ಸರಿಯಿದೆ.

ಡ್ಯಾಶ್‌ಬೋರ್ಡ್ ಬಿಚ್ಚುವ ಮುಂಚೆ ಎರಡು ಎಚ್ಚರಿಕೆ. ಕೆಲವು ಕಂಪನಿ ಸೆಟ್ಟುಗಳು ಬ್ಯಾಟರಿ ತೆಗೆದರೆ ಬೀಗ ಹಾಕಿಕೊಂಡು ಕೋಡ್ ಕೇಳುತ್ತವೆ. ಮ್ಯಾನ್ಯುಯಲ್ ಇಟ್ಟಿರುವ ಚೀಲದಲ್ಲಿ ಕೋಡಿನ ಸಣ್ಣ ಕಾರ್ಡು ಇದೆಯೇ ಎಂದು ಮೊದಲು ಹುಡುಕಿ. ಎರಡನೆಯದು, ಏರ್‌ಬ್ಯಾಗ್ ಇರುವ ಕಾರಿನಲ್ಲಿ ಬ್ಯಾಟರಿಯ ನೆಗೆಟಿವ್ ತೆಗೆದು ಕೆಲವು ನಿಮಿಷ ಕಾದ ಮೇಲೆಯೇ ಕೈ ಹಾಕಬೇಕು. ಹಳದಿ ಬಣ್ಣದ ಕಪ್ಲರ್ ಕಂಡರೆ ಮುಟ್ಟಲೇಬಾರದು, ಸಾಮಾನ್ಯವಾಗಿ ಅದು ಏರ್‌ಬ್ಯಾಗಿನದು.

ವಿಜಯನಗರದ ಟೀಚರ್

ಬದಲಿಸಲು ಹೊರಟವರಿಗೆ ನನ್ನ ಕಥೆ ಉಪಯೋಗಕ್ಕೆ ಬರಬಹುದು. ಎರಡು ವರ್ಷದ ಹಿಂದೆ ಹೊಸ ಸೆಟ್ ಹಾಕಿಸಿದೆ. ಆಮೇಲೆ ಶುಕ್ರವಾರ ನಿಲ್ಲಿಸಿದ ಕಾರು ಸೋಮವಾರ ಬೆಳಿಗ್ಗೆ ಕದಲುತ್ತಿರಲಿಲ್ಲ. ಶಾಲೆಗೆ ಎರಡು ಸೋಮವಾರ ತಡವಾಯಿತು. ಬ್ಯಾಟರಿಯನ್ನೇ ಬೈದುಕೊಂಡೆ. ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ಬ್ಯಾಟರಿಯ ನೆಗೆಟಿವ್ ತೆಗೆದು ನಡುವೆ ಮೀಟರ್ ಸೇರಿಸಿ ತೋರಿಸಿದರು. ಕೀಲಿ ತೆಗೆದು ಅರ್ಧ ಗಂಟೆ ಕಳೆದಿದ್ದರೂ 500 ಮಿಲಿಆಂಪಿಯರ್ ಹರಿಯುತ್ತಿತ್ತು. 50ಕ್ಕಿಂತ ಕಡಿಮೆ ಇರಬೇಕಂತೆ. ನನ್ನದು 35 ಆಂಪಿಯರ್ ಅವರ್ ಬ್ಯಾಟರಿ; ಸದಾ ಅರ್ಧ ಆಂಪಿಯರ್ ಹರಿಯುತ್ತಿದ್ದರೆ ಎಪ್ಪತ್ತು ಗಂಟೆಯಲ್ಲಿ, ಅಂದರೆ ಮೂರು ದಿನ ತುಂಬುವ ಮೊದಲೇ ಖಾಲಿ. ಅಂಗಡಿಯವರು ಕೆಂಪು ವೈರನ್ನೂ ಹಳದಿಯ ಜೊತೆ ಸೇರಿಸಿ ಸದಾ ಕರೆಂಟಿಗೆ ಕೊಟ್ಟಿದ್ದರು. ಪರದೆ ಆರಿದಂತೆ ಕಂಡರೂ ಒಳಗೆ ಸೆಟ್ಟು ಎಚ್ಚರವಾಗಿಯೇ ಇತ್ತು.

ನಮ್ಮ ಕಾರಿನ ಮೂಲ ಕಪ್ಲರನ್ನೂ ಕತ್ತರಿಸಿ ನೇರವಾಗಿ ತಿರುಚಿ ಟೇಪ್ ಸುತ್ತಿದ್ದರು. ಅದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಯಿತು. ನಿಮ್ಮ ಕಾರಿಗೆ ಹೊಂದುವ ಕಪ್ಲರ್ ಸಿದ್ಧವಾಗಿಯೇ ಸಿಗುತ್ತದೆ. ಒಂದೂ ವೈರು ಕತ್ತರಿಸಬಾರದು ಎಂದು ಕೆಲಸ ಶುರುವಾಗುವ ಮುಂಚೆಯೇ ಹೇಳಿ, ಪಕ್ಕದಲ್ಲಿ ನಿಂತು ನೋಡಿ. ಸ್ಟೀರಿಂಗ್ ಮೇಲಿನ ಬಟನ್‌ಗಳು ಕೆಲಸ ಮಾಡುವುದನ್ನು ನೋಡದೆ ದುಡ್ಡು ಕೊಡಬೇಡಿ.

ಮಲ್ಲೇಶ್ವರದ ಹಿರಿಯ

ಒಂದು ಮಾತು, ತಾಯಿ. ಹೊಸ ಪರದೆ ಸೆಟ್ಟುಗಳಲ್ಲಿ ಎಷ್ಟೋ ಕಡೆ ಎಎಂ ಇರುವುದೇ ಇಲ್ಲ, ಎಫ್‌ಎಂ ಮಾತ್ರ. ವಿವಿಧ ಭಾರತಿ 102.9ರಲ್ಲಿ ಸಿಗುತ್ತದೆ, ಕಾಮನಬಿಲ್ಲು 101.3ರಲ್ಲಿ. ಆದರೆ ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ, ಅಂದರೆ ಎಎಂ, 612 ಕಿಲೋಹರ್ಟ್ಸ್‌ನದು. ನಾನು ಊರಿಗೆ ಹೋಗುವಾಗ, ನಗರದ ಎಫ್‌ಎಂ ಕ್ಷೀಣಿಸಿದ ಮೇಲೆ ಜೊತೆಗಿರುವುದು ಅದೇ. ಆಕಾಶವಾಣಿ ಎಂಬ ಹೆಸರೇ ನಮ್ಮ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ ಶುರು ಮಾಡಿದ ಕೇಂದ್ರದ ಹೆಸರು. ಅದನ್ನು ಕೇಳಲಾಗದ ರೇಡಿಯೋವನ್ನು ನಾನು ಕಾರಿಗೆ ಹಾಕಿಸಲಾರೆ.

ಎಫ್‌ಎಂ ಗೊರಗೊರ ಎನ್ನುವವರು ಸೆಟ್ಟನ್ನು ದೂರುವ ಮುಂಚೆ ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸಿದ ಅಗ್ಗದ ಫೋನ್ ಚಾರ್ಜರ್ ಕಿತ್ತು ನೋಡಿ. ನನ್ನ ಕಾರಿನಲ್ಲಿ ಡ್ಯಾಶ್‌ಕ್ಯಾಮಿನ ಚಾರ್ಜರ್ ತೆಗೆದ ಕ್ಷಣವೇ ಶಬ್ದ ತಿಳಿಯಾಯಿತು. ಅದಕ್ಕೂ ಆಗದಿದ್ದರೆ ಚಾವಣಿಯ ಆಂಟೆನಾ ಕಡ್ಡಿಯನ್ನು ತಿರುಗಿಸಿ ಬಿಚ್ಚಿ, ಬುಡದಲ್ಲಿ ತುಕ್ಕು ಹಿಡಿದಿದೆಯೇ ನೋಡಿ.

ಬಸವನಗುಡಿ ನಿವಾಸಿ

ಶನಿವಾರದ ವರದಿ. ಹಳೆಯ ಬ್ಯಾಟರಿ ಕೊಟ್ಟು 3,900ಕ್ಕೆ ಹೊಸದು ಹಾಕಿಸಿದೆ. ಗಡಿಯಾರದ ಕಾಟ ಅಲ್ಲಿಗೇ ಮುಗಿಯಿತು. ಕೋಡ್ ಕಾರ್ಡು ಮ್ಯಾನ್ಯುಯಲ್ ಚೀಲದಲ್ಲೇ ಇತ್ತು, ಇಷ್ಟು ವರ್ಷ ಅದೇನೆಂದು ನನಗೆ ಗೊತ್ತಿರಲಿಲ್ಲ. ಪೀಣ್ಯದ ಸರ್ ಹೇಳದಿದ್ದರೆ ಬೇಡದ ಕಾಗದಗಳ ಜೊತೆ ಎಸೆಯುತ್ತಿದ್ದೆನೇನೋ.

ಆಮೇಲೆ ನಮ್ಮ ಬೀದಿಯ ಕೊನೆಯ ಎಲೆಕ್ಟ್ರಿಷಿಯನ್ ಹತ್ತಿರ ಬಾಗಿಲು ತೋರಿಸಿದೆ. ರಬ್ಬರ್ ಕೊಳವೆಯನ್ನು ಬಾಗಿಲು ಕೂರುವ ಕಾರಿನ ಕಂಬದ ಕಡೆಯಿಂದ ಎಳೆದು ಮೇಲಕ್ಕೆ ಸರಿಸಿದರು. ಎಂಟು ಹತ್ತು ವೈರು ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದೊಂದನ್ನೇ ಉಗುರಿನಿಂದ ಬಿಡಿಸಿ ಮೆಲ್ಲಗೆ ಎಳೆಯುತ್ತಾ ಬಂದರು. ಎಲ್ಲವೂ ಬಿಗಿಯಾಗಿದ್ದವು, ಬೂದು ಬಣ್ಣದ ಒಂದು ಮಾತ್ರ ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗಿತು. ಒಳಗೆ ತಾಮ್ರವೇ ಇರಲಿಲ್ಲ, ಬರಿ ಹೊದಿಕೆ. ಅದರ ಜೊತೆಗಾರ ವೈರಿನ ಹೊದಿಕೆ ಒಂದು ಕಡೆ ಸೀಳಿ, ಹಸಿರುಗಟ್ಟಿದ ಮೂರು ನಾಲ್ಕು ಎಳೆ ಹೊರಗೆ ಚಾಚಿದ್ದವು. ಎದುರಿಗೆ, ಕಂಬದ ತೂತಿನ ಅಂಚಿನಲ್ಲಿ, ಬಣ್ಣ ಹೋಗಿ ಹೊಳೆಯುವ ಒಂದು ಚುಕ್ಕೆ. ಅಲ್ಲಿಯೇ ತಗಲುತ್ತಿತ್ತು. ಆ ಚುಕ್ಕೆಯನ್ನು ನೋಡಿದಾಗ ಎದೆ ಹಗುರಾಯಿತು. ಇಷ್ಟಕ್ಕೆ 21,500 ಕೇಳಿದ್ದರಲ್ಲ!

ಅವರು ಮಡಿಕೆಯ ಜಾಗದಲ್ಲಿ ಜೋಡಿಸಲಿಲ್ಲ. ಎರಡೂ ವೈರನ್ನು ಕೊಳವೆಯ ಆಚೆ ಈಚೆ ಕತ್ತರಿಸಿ, ನಡುವೆ ಸಣ್ಣೆಳೆಯ ಮೆದು ವೈರಿನ ತುಂಡು ಕೊಟ್ಟು ಸೋಲ್ಡರ್ ಮಾಡಿ ಸ್ಲೀವ್ ಹಾಕಿದರು. ಜೋಡಣೆ ಮಡಿಕೆಯಲ್ಲಿ ಬಿದ್ದರೆ ಆರು ತಿಂಗಳಿಗೆ ಮತ್ತೆ ಕಡಿಯುತ್ತದೆ ಎಂದರು. 450 ರೂಪಾಯಿ ತೆಗೆದುಕೊಂಡರು. ನಾಲ್ಕು ದಿನದಿಂದ ಹಂಪ್ ಮೇಲೆ ಒಂದೂ ಸಲ ಶಬ್ದ ಹೋಗಿಲ್ಲ.

ಮಧ್ಯಾಹ್ನ ಆರುವುದು ಮಾತ್ರ ಹಾಗೆಯೇ ಇದೆ.

ಹೆಬ್ಬಾಳದ ಟ್ಯಾಕ್ಸಿ

ಅಕ್ಕ, ಓದಿ ಸಂತೋಷವಾಯಿತು. ನನ್ನದೊಂದು ಪ್ರಶ್ನೆ ಸೇರಿಸುತ್ತೇನೆ. ಹೊಸ ಸೆಟ್ಟಿನಲ್ಲಿ ಹಾಡು ನಿಂತಾಗ "ಕುಂಯ್" ಎಂಬ ಸಣ್ಣ ಸ್ವರ. ಆಕ್ಸಿಲರೇಟರ್ ಒತ್ತಿದಷ್ಟೂ ಸ್ವರ ಏರುತ್ತದೆ. ಫೋನನ್ನು ಚಾರ್ಜಿಗೆ ಹಾಕಿ ಆಕ್ಸ್ ಕೇಬಲಿನಲ್ಲಿ ಹಾಡು ಹಾಕಿದಾಗ ಜಾಸ್ತಿ.

ಬೆಸುಗೆ ಮೇಜು

ಅದು ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಸ್ವರ. ಫೋನಿಗೆ ಚಾರ್ಜರಿನಿಂದ ಒಂದು ಅರ್ತ್, ಆಕ್ಸ್ ಕೇಬಲಿನಿಂದ ಇನ್ನೊಂದು ಅರ್ತ್. ಎರಡರ ನಡುವೆ ಸಣ್ಣ ಕರೆಂಟು ಸುತ್ತು ಹಾಕುತ್ತದೆ. ಚಾರ್ಜರ್ ಕಿತ್ತಾಗ ಸ್ವರ ನಿಂತರೆ ಆಕ್ಸ್ ದಾರಿಯಲ್ಲಿ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಹಾಕಿ, ಇಲ್ಲವೇ ಬ್ಲೂಟೂತಿನಲ್ಲಿ ಕೇಳಿ. ನಿಲ್ಲದಿದ್ದರೆ ಸೆಟ್ಟಿನ ಕಪ್ಪು ವೈರನ್ನು ಎಲ್ಲಿಗೆ ಕಟ್ಟಿದ್ದಾರೆ ನೋಡಿ. ಬಣ್ಣ ಬಳಿದ ತಗಡಿಗೆ ಸ್ಕ್ರೂ ಹಾಕಿದ್ದರೆ ಬಣ್ಣ ಕೆರೆದು, ಹೊಳೆಯುವ ಲೋಹಕ್ಕೆ ಬಿಗಿಯಾಗಿ ಕೂರಿಸಬೇಕು.

ಮೇಡಂ, ನಿಮ್ಮ ಸೆಟ್ಟನ್ನು ಇನ್ನು ಬಿಚ್ಚಿಸಲೇಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ಮಾಡಿಸಿ. ಭಾನುವಾರ ಹೋಗಬೇಡಿ, ಬಹುತೇಕ ಅಂಗಡಿ ಮುಚ್ಚಿರುತ್ತವೆ. ಕಾರು ಒಯ್ಯುವುದೂ ಬೇಡ, ನಿಲ್ಲಿಸಲು ಜಾಗವಿಲ್ಲ. ಸೆಟ್ಟನ್ನು ಮನೆಯ ಹತ್ತಿರ ಬಿಚ್ಚಿಸಿ, ಚೀಲದಲ್ಲಿ ಹಾಕಿಕೊಂಡು ಮೆಟ್ರೋದಲ್ಲಿ ಹೋಗಿ. ಕೊಡುವಾಗ "ಬಿಸಿಯಾದರೆ ಆರುತ್ತದೆ" ಎಂದು ಚೀಟಿ ಅಂಟಿಸಿ. ಅಲ್ಲಿ ಕರೆಂಟಿಗೆ ಹಾಕಿದ ಕೂಡಲೇ ಹಾಡುತ್ತದೆ, ಏನೂ ಆಗಿಲ್ಲ ಎಂದು ವಾಪಸು ಕೊಟ್ಟಾರು.

ಬಸವನಗುಡಿ ನಿವಾಸಿ

ಮಂಗಳವಾರ ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಮೂರು ಕಡೆ "ಕಾರ್ ಸೆಟ್ ಮಾಡುವುದಿಲ್ಲ" ಎಂದರು. ನಾಲ್ಕನೆಯವರು, ಕಿರಿದಾದ ಮೆಟ್ಟಿಲು ಹತ್ತಿದ ಮೇಲಿನ ಒಂದು ಕೋಣೆಯಲ್ಲಿ, ಚೀಟಿ ಓದಿ ತಲೆಯಾಡಿಸಿದರು. ಮೇಜಿನ ಮೇಲೆ 12 ವೋಲ್ಟ್ ಕೊಟ್ಟು ಹಾಡಿಸಿ, ತಲೆಗೂದಲು ಒಣಗಿಸುವ ಬಿಸಿಗಾಳಿಯ ಯಂತ್ರವನ್ನು ಬೋರ್ಡಿನ ಮೇಲೆ ಹಿಡಿದರು. ನಾಲ್ಕು ನಿಮಿಷಕ್ಕೆ ಆರಿತು. ನನಗೆ ರೋಮಾಂಚನವಾಯಿತು, ಇಷ್ಟು ದಿನದ ಕಾಯಿಲೆ ಕಣ್ಣೆದುರಿಗೇ! ಆಮೇಲೆ ಪ್ಲಾಸ್ಟಿಕ್ ಕಡ್ಡಿಯಿಂದ ಒಂದೊಂದೇ ಬಿಡಿಭಾಗ ಒತ್ತುತ್ತಾ ಹೋದರು. ದಪ್ಪ ರೆಗ್ಯುಲೇಟರ್ ಒಂದನ್ನು ಒತ್ತಿದಾಗ ಡಿಸ್‌ಪ್ಲೇ ಮತ್ತೆ ಬೆಳಗಿತು. ಭೂತಗನ್ನಡಿಯಲ್ಲಿ ನನಗೂ ತೋರಿಸಿದರು: ಕಾಲಿನ ಸುತ್ತ ಬೂದು ಸೋಲ್ಡರ್, ಅದರಲ್ಲಿ ಸಂಪೂರ್ಣ ದುಂಡಗಿನ ಒಂದು ಕಪ್ಪು ಗೆರೆ. ಬೆಸುಗೆ ಮೇಜಿನವರು ಹೇಳಿದ ಉಂಗುರ ಅದೇ.

ಹಳೆಯ ಸೋಲ್ಡರ್ ಪೂರ್ತಿ ಹೀರಿ ತೆಗೆದು ಹೊಸದು ಹಾಕಿದರು. ಪಕ್ಕದಲ್ಲಿ ತಲೆ ಉಬ್ಬಿದ್ದ ಎರಡು ಕೆಪಾಸಿಟರ್‌ಗಳನ್ನೂ ಬದಲಿಸಿದರು. 85 ಡಿಗ್ರಿಯದರ ಬದಲು 105 ಡಿಗ್ರಿ ತಾಳುವುದನ್ನು ಹಾಕಿದ್ದೇನೆ, ಕಾರಿನೊಳಗೆ ಅದೇ ಇರಬೇಕು ಎಂದರು. ಮತ್ತೆ ಬಿಸಿಗಾಳಿ ಹಿಡಿದು ಹದಿನೈದು ನಿಮಿಷ ಹಾಡಿಸಿ ಕೊಟ್ಟರು. 700 ರೂಪಾಯಿ. ಸಿಡಿ ಲೆನ್ಸು ಸವೆದಿದೆ, ಬದಲಿಸಬೇಕೇ ಎಂದರು. ಬೇಡ ಎಂದೆ. ನಮ್ಮ ಮನೆಯಲ್ಲಿ ಸಿಡಿ ಉಳಿದಿಲ್ಲ.

ಎಲ್ಲ ಸೇರಿ 5,050 ಆಯಿತು, ಅದರಲ್ಲೂ ಬ್ಯಾಟರಿ ಹೇಗೂ ಬದಲಿಸಬೇಕಾಗಿದ್ದದ್ದು. ಇಂದು ಮಧ್ಯಾಹ್ನ ಎರಡು ಗಂಟೆಗೆ ಬಿಸಿಲಲ್ಲಿದ್ದ ಕಾರು ತೆಗೆದು ಜಯನಗರಕ್ಕೆ ಹೋಗಿ ಬಂದೆವು. ಅಪ್ಪ ಕೂತ ಕೂಡಲೇ ಕೈ ಚಾಚಿ, ಎಡದಿಂದ ಎಣಿಸಿ, ಮೂರನೆಯದನ್ನು ಒತ್ತಿದರು. ಮನೆ ತಲುಪುವವರೆಗೂ ಹಾಡಿತು.

ಪೀಣ್ಯದ ವೈರಿಂಗ್

ಒಳ್ಳೆಯದಾಯಿತು ಮೇಡಂ. ಒಂದು ಮಾತ್ರ ನೋಡಿಕೊಳ್ಳಿ. ಬಾಗಿಲಿನ ರಬ್ಬರ್ ಕೊಳವೆಯ ಎರಡೂ ತುದಿ ತೂತಿನ ಅಂಚಿಗೆ ಸುತ್ತಲೂ ಕಚ್ಚಿಕೊಂಡಿರಬೇಕು. ಬೆರಳಿನಿಂದ ಒಂದು ಸುತ್ತು ಒತ್ತಿ ನೋಡಿ. ಒಂದು ಕಡೆ ಎದ್ದಿದ್ದರೂ ಮಳೆನೀರು ಒಳಗೆ ಇಳಿದು ಹೊಸ ಜೋಡಣೆಗೂ ಹಸಿರು ಹಿಡಿಯುತ್ತದೆ. ಹೊಳೆಯುತ್ತಿದ್ದ ಆ ಚುಕ್ಕೆಯ ಮೇಲೆ ಸ್ವಲ್ಪ ಬಣ್ಣ ಹಚ್ಚಿಸಿಬಿಡಿ. ಮುಂಗಾರಿಗೆ ಇನ್ನು ಹೆಚ್ಚು ದಿನ ಇಲ್ಲ.